ಹಾರ ನಗದು, ಪಗಾರ ಉದ್ರಿ

ಜಮಖಂಡಿ ಪೇಟೆಯ ಹಳೆಯ ಕಿರಾಣಿ ಅಂಗಡಿಗಳಲ್ಲಿ ಒಂದು ಬೋರ್ಡು ಇನ್ನೂ ಕಾಣಸಿಗುತ್ತದೆ: ‘ಇಂದು ನಗದು, ನಾಳೆ ಉದ್ರಿ’. ಅಂಗಡಿಯವ ಪ್ರಾಮಾಣಿಕ. ಆ ನಾಳೆ ಬರುವುದಿಲ್ಲ ಎಂದು ಅವನಿಗೂ ಗೊತ್ತು, ಗಿರಾಕಿಗೂ ಗೊತ್ತು. ಯಾರೂ ಮೋಸ ಹೋಗುವುದಿಲ್ಲ.

ನಮ್ಮ ಸರ್ಕಾರದ ಅಂಗಡಿಯಲ್ಲೂ ಅದೇ ಬೋರ್ಡು ತೂಗುತ್ತಿದೆ. ಅಕ್ಷರ ಮಾತ್ರ ಕೊಂಚ ತಿದ್ದಿದ್ದಾರೆ. ಹಾರ ನಗದು, ಪಗಾರ ಉದ್ರಿ.

2024ರ ಮೇ 31ರ ಸಂಜೆ ಒಂದು ಬೀಳ್ಕೊಡುಗೆಗೆ ಹೋಗಿದ್ದೆ. ಯಾವ ಕಚೇರಿ ಎಂದು ಕೇಳಬೇಡಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಯಾವ ಊರಿನದೆಂದುಕೊಂಡರೂ ನಡೆಯುತ್ತದೆ. ಅದೇ ಬ್ಯಾನರ್, ಅದೇ ಮೈಕು, ಅದೇ ಕರ್ಕಶ ಶಬ್ದ. ಅಂದು ಒಬ್ಬರಲ್ಲ, ಮೂವರು ನಿವೃತ್ತರಾಗುತ್ತಿದ್ದರು. ಮೂವರ ಜನ್ಮದಿನವೂ ಜೂನ್ 1. ನಮ್ಮ ಕಡೆಯ ಅರ್ಧ ಜನ ಜೂನ್ 1ರಂದೇ ಹುಟ್ಟಿದವರು. ಹೆತ್ತವಳು ಹೇಳಿದ ಹುಣ್ಣಿಮೆ, ಅಮಾವಾಸ್ಯೆ, ಜಾತ್ರೆಯ ಲೆಕ್ಕ ಹೆಡ್‌ಮಾಸ್ತರರಿಗೆ ಹಿಡಿಸಲಿಲ್ಲ. ಶಾಲೆ ಶುರುವಾಗುವ ದಿನವನ್ನೇ ಬರೆದು ಕೈ ತೊಳೆದುಕೊಂಡರು.

ಮೂವರಿಗೂ ಶಾಲು ಹೊದಿಸಿದರು. ಪೇಟ ತೊಡಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದಕ್ಕೊಂದು ರಿಬ್ಬನ್ನು. ಆಮೇಲೆ ಭಾಷಣ. ‘ಇವರು ಈ ಕಚೇರಿಯ ಆಧಾರಸ್ತಂಭ’ ಎಂದರು. ಒಂದೇ ಸಂಜೆ ಮೂರು ಆಧಾರಸ್ತಂಭ ಕಿತ್ತು ಮನೆಗೆ ಕಳಿಸಿದರೂ ಕಟ್ಟಡ ಬೀಳಲಿಲ್ಲ. ಗಟ್ಟಿ ಕಟ್ಟಡ.

ಎರಡು ತಿಂಗಳು ಕಳೆಯಿತು. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 7ನೇ ವೇತನ ಆಯೋಗದ ಪಗಾರ ಜಾರಿಗೆ ಬಂತು. ಮೂಲ ವೇತನಕ್ಕೆ ಶೇ 31ರ ತುಟ್ಟಿಭತ್ಯೆ ಸೇರಿಸಿ, ಜೊತೆಗೆ ಶೇ 27.5ರ ಹೆಚ್ಚಳ. ಒಟ್ಟು ಶೇ 58.5. ಮತ್ತೆ ಹಾರ, ಮತ್ತೆ ಪೇಢೆ. ಆದೇಶದ ಒಳಗೆ ಮಾತ್ರ ಒಂದು ಶಬ್ದ ಮೆತ್ತಗೆ ಕುಳಿತಿತ್ತು: ‘ಕಾಲ್ಪನಿಕ’.

ಅಂದರೆ ಹೀಗೆ. ಹೊಸ ಪಗಾರ 2022ರ ಜುಲೈ 1ರಿಂದಲೇ ಬಂದಿದೆ. ಆದರೆ ಕಲ್ಪನೆಯಲ್ಲಿ. ಕೈಗೆ ಬರುವುದು 2024ರ ಆಗಸ್ಟ್ 1ರಿಂದ. ನಡುವಿನ 25 ತಿಂಗಳು ನೌಕರ ಕಣ್ಣು ಮುಚ್ಚಿಕೊಂಡು ಊಹಿಸಿಕೊಳ್ಳಬೇಕು. ಊಹೆಗೆ ತೆರಿಗೆ ಇಲ್ಲ, ಅದೊಂದು ಸಮಾಧಾನ.

ಕೆಲಸದಲ್ಲಿ ಉಳಿದವರು ಹೇಗೋ ಸುಧಾರಿಸಿಕೊಂಡರು. ಆ 25 ತಿಂಗಳ ನಡುವೆ ನಿವೃತ್ತರಾದವರ ಕತೆ ಬೇರೆ. ಪಿಂಚಣಿ ಮುಂದೆ ಪರಿಷ್ಕಾರವಾಯಿತು, ಸರಿ. ಆದರೆ ಬಾಳಿನಲ್ಲಿ ಒಮ್ಮೆ ಮಾತ್ರ ಬರುವ ಗ್ರ್ಯಾಚುಟಿ, ಪಿಂಚಣಿಯ ಪರಿವರ್ತನೆ, ರಜೆ ಹಾಕದೆ ಉಳಿಸಿಟ್ಟ 300 ದಿನಗಳ ಗಳಿಕೆ ರಜೆಯ ಹಣ, ಈ ಮೂರನ್ನೂ ಹಳೆಯ ಪಗಾರದ ಮೇಲೆಯೇ ಎಣಿಸಿದರು. ಹೊಸ ಲೆಕ್ಕದಲ್ಲಿ ಕೊಡಿ ಎಂದು ಆ ನಿವೃತ್ತರು ಅರ್ಜಿ ಹಿಡಿದು ಅಲೆದರು, ಧರಣಿ ಕುಳಿತರು. ಮಂಡಿನೋವಿನ ವಯಸ್ಸಿನಲ್ಲಿ ಧರಣಿ ಕೂರುವುದು ಸುಲಭವಲ್ಲ. ಕೂತರೆ ಏಳಿಸಲು ಇಬ್ಬರು ಬೇಕು.

ಜುಲೈ 31ಕ್ಕೆ ಹೊರಬಿದ್ದವನಿಗೆ ಹಳೆಯ ಲೆಕ್ಕ. ಆಗಸ್ಟ್ 31ಕ್ಕೆ ಹೊರಬಿದ್ದವನಿಗೆ ಹೊಸ ಲೆಕ್ಕ. ಇಬ್ಬರೂ ಎದುರುಬದುರು ಟೇಬಲ್ಲಿನವರು, ಒಂದೇ ಡಬ್ಬಿಯಿಂದ ಬುತ್ತಿ ಉಂಡವರು. ನಮ್ಮ ಮೂವರು ಆಧಾರಸ್ತಂಭಗಳು ಲಕ್ಷಗಟ್ಟಲೆ ಕಳೆದುಕೊಂಡದ್ದು ಯಾರಿಂದ? ಐವತ್ತೈದು ವರ್ಷದ ಹಿಂದೆ ಶಾಯಿ ಪೆನ್ನಿನಿಂದ ಜೂನ್ 1 ಎಂದು ಗೀಚಿದ ಹೆಡ್‌ಮಾಸ್ತರರಿಂದ. ಸೆಪ್ಟೆಂಬರ್ ಎಂದು ಬರೆದಿದ್ದರೆ ಮಗಳ ಮದುವೆಯ ಸಾಲ ತೀರುತ್ತಿತ್ತು.

ಮುಧೋಳ ಸೀಮೆ ಕವಿಚಕ್ರವರ್ತಿ ರನ್ನನ ಸೀಮೆ. ಭೀಮ, ದುರ್ಯೋಧನರನ್ನು ಕಣ್ಣೆದುರು ತಂದು ನಿಲ್ಲಿಸಿದ ಪುಣ್ಯಾತ್ಮ. ಆದರೂ ಕಲ್ಪನಾಶಕ್ತಿಯಲ್ಲಿ ಹಣಕಾಸು ಇಲಾಖೆಯ ಮುಂದೆ ಅವನು ಹುಡುಗ. ರನ್ನ ಇಲ್ಲದ ಗದೆಯನ್ನು ಇದೆ ಎಂದು ತೋರಿಸಿದ. ಇವರು ಇರುವ ದುಡ್ಡನ್ನು ಇಲ್ಲ ಎಂದು ತೋರಿಸಿದರು.

ನಾನೂ ಒಮ್ಮೆ ಪ್ರಯೋಗ ಮಾಡಿ ನೋಡಿದೆ. ಕರೆಂಟ್ ಬಿಲ್ಲಿನವನಿಗೆ, ‘ಈ ತಿಂಗಳು ಕಾಲ್ಪನಿಕವಾಗಿ ಕಟ್ಟಿದ್ದೇನೆ’ ಎಂದೆ. ಅವನಿಗೆ ಸಾಹಿತ್ಯಾಭಿರುಚಿ ಇರಲಿಲ್ಲ. ಫ್ಯೂಸಿಗೆ ಕೈ ಹಾಕಿದ.

ಸನ್ಮಾನದ ಚರಿತ್ರೆ ಬರೆಯುವವರು 2020ನೇ ವರ್ಷವನ್ನು ಸುವರ್ಣಯುಗ ಎಂದು ಬರೆಯಬೇಕು. ಮಾರ್ಚ್ 22ರ ಸಂಜೆ 5ಕ್ಕೆ ದೇಶವೆಲ್ಲ ತಾಟು ಬಾರಿಸಿತು. ಏಪ್ರಿಲ್ 5ರ ರಾತ್ರಿ ದೀಪ ಹಚ್ಚಿತು. ಮೇ 3ಕ್ಕೆ ಹೆಲಿಕಾಪ್ಟರಿನಿಂದ ಆಸ್ಪತ್ರೆಗಳ ಮೇಲೆ ಹೂವು ಸುರಿಯಿತು. ಈ ದೀಪಕ್ಕೂ ಹೂವಿಗೂ ನಡುವೆ ಇನ್ನೊಂದು ದಿನಾಂಕವಿದೆ, ಅದನ್ನು ಯಾರೂ ನೆನೆಸುವುದಿಲ್ಲ. ಏಪ್ರಿಲ್ 23. ಅಂದು ಕೇಂದ್ರ ಸರ್ಕಾರ ತನ್ನ ನೌಕರರ, ಪಿಂಚಣಿದಾರರ ಮೂರು ಕಂತಿನ ತುಟ್ಟಿಭತ್ಯೆಯನ್ನು ತಡೆಹಿಡಿಯಿತು. ರಾಜ್ಯವೂ ಹಿಂದೆ ಬೀಳಲಿಲ್ಲ. ತುಟ್ಟಿಭತ್ಯೆ ನಿಂತಿತು. ಆ ವರ್ಷದ ಗಳಿಕೆ ರಜೆ ನಗದೀಕರಣವೂ ನಿಂತಿತು. ಹದಿನೆಂಟು ತಿಂಗಳ ಬಳಿಕ ರಾಜ್ಯದ ತುಟ್ಟಿಭತ್ಯೆ ಶೇ 11.25ರಿಂದ ಶೇ 21.50ಕ್ಕೆ ಜಿಗಿಯಿತು ನಿಜ. ನಡುವಿನ ಬಾಕಿಯನ್ನು ಯಾರೂ ಕೊಡಲಿಲ್ಲ. ಕೇಂದ್ರ ಒಂದೇ ಇದರಿಂದ ಉಳಿಸಿಕೊಂಡದ್ದು ಸುಮಾರು ₹34,402 ಕೋಟಿ ಎಂದು ಸಂಸತ್ತಿನಲ್ಲಿ ತಾನೇ ಹೇಳಿತು.

ಆಕಾಶದಿಂದ ಹೂವು ಬೀಳುವಾಗ ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ಜೇಬು ನೋಡಿಕೊಳ್ಳುವುದಿಲ್ಲ. ಜಾತ್ರೆಯಲ್ಲಿ ಜೇಬುಗಳ್ಳರು ಮಾಡುವುದೂ ಇದನ್ನೇ. ಒಬ್ಬ ತೇರು ತೋರಿಸುತ್ತಾನೆ.

ಇನ್ನು ಬಸ್ಸಿಗೆ ಬರುತ್ತೇನೆ. ನಮ್ಮ ಸೀಮೆಯವರು ಎಲ್ಲಿಗೆ ಹೊರಟರೂ ಕೊನೆಗೆ ಬಸ್ಸಿಗೇ ಬರಬೇಕು. ಬಾಗಲಕೋಟೆ-ಕುಡಚಿ ರೈಲು ಮಾರ್ಗ ಮಂಜೂರಾದದ್ದು 2010ರಲ್ಲಿ. ಹದಿನೈದು ವರ್ಷ ತುಂಬಿದರೂ ಜಮಖಂಡಿ, ಬನಹಟ್ಟಿಯವರು ರೈಲಿನ ಸೀಟಿ ಕೇಳಲಿಲ್ಲ. ಹಾಗಾಗಿ ಬಾಣಂತಿಯಿಂದ ಹಿಡಿದು ಕಾಲೇಜು ಹುಡುಗನವರೆಗೆ ಎಲ್ಲರ ಭಾರ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ಕೆಂಪು ಬಸ್ಸಿನ ಮೇಲೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ನಡುವೆ, ಮಳೆಗಾಲದಲ್ಲಿ ಘಟಪ್ರಭೆ ಉಕ್ಕಿ ಸೇತುವೆ ಮುಳುಗುವಾಗ ಸುತ್ತುದಾರಿಯಲ್ಲಿ, ಆ ಬಸ್ಸು ಓಡಿಸುವುದು ಎಂಥ ಕೆಲಸ ಎಂದು ಮುಂದಿನ ಸೀಟಿನಲ್ಲಿ ಕೂತವನಿಗೆ ಗೊತ್ತು.

ಈ ಚಾಲಕರಿಗೆ ಪದಕಗಳಿವೆ. ಅಪಘಾತ ಮಾಡದೆ ಓಡಿಸಿದರೆ ಬೆಳ್ಳಿ ಪದಕ. ಇನ್ನೂ ಬಹಳ ವರ್ಷ ಓಡಿಸಿದರೆ ಮುಖ್ಯಮಂತ್ರಿಯವರ ಹೆಸರಿನ ಚಿನ್ನದ ಪದಕ. ಕೊಡಲಿ, ಬೇಡ ಎಂದವರಾರು? ಆದರೆ ಪಗಾರದ ಮಾತು ಬಂದಾಗ ನೋಡಿ ತಮಾಷೆ.

2020ರ ಡಿಸೆಂಬರಿನಲ್ಲಿ ಸಾರಿಗೆಯವರು ಮುಷ್ಕರ ಹೂಡಿದರು. ಮೊದಲ ಬೇಡಿಕೆ: ನಮ್ಮನ್ನೂ ಸರ್ಕಾರಿ ನೌಕರರೆಂದು ಪರಿಗಣಿಸಿ. ಇನ್ನೊಂದು: ಕೋವಿಡ್‌ನಿಂದ ಸತ್ತ ನಮ್ಮವರ ಮನೆಗೂ ₹30 ಲಕ್ಷ ಕೊಡಿ. ಸರ್ಕಾರ ಬಹುತೇಕ ಒಪ್ಪಿತು. ಒಪ್ಪುವುದಕ್ಕೆ ದುಡ್ಡು ಬೇಕಿಲ್ಲ. ಸರ್ಕಾರಿ ನೌಕರರೆಂಬ ಮಾತನ್ನು ಮಾತ್ರ ಒಪ್ಪಲಿಲ್ಲ. 2021ರ ಏಪ್ರಿಲ್ 7ಕ್ಕೆ ಮತ್ತೆ ಬಸ್ಸು ನಿಂತವು, ಈ ಸಲ 6ನೇ ವೇತನ ಆಯೋಗದ ಪಗಾರ ಬೇಕೆಂದು. ಆಗ ಸಾರಿಗೆ ಸಚಿವರು ನಮ್ಮ ಪಕ್ಕದ ಅಥಣಿಯ ಲಕ್ಷ್ಮಣ ಸವದಿ. ಊರಿನವರೇ ಎಂಬ ಸಲಿಗೆ ಕೆಲಸ ಮಾಡಲಿಲ್ಲ.

ಸರ್ಕಾರ ಎಸ್ಮಾ ಎಂದಿತು. ಅಗತ್ಯ ಸೇವೆ ಎಂದಿತು. ವರ್ಗ ಮಾಡಿತು, ವಜಾ ಮಾಡಿತು, ದುಡಿದ ಮಾರ್ಚ್ ತಿಂಗಳ ಪಗಾರವನ್ನೂ ಹಿಡಿದಿಟ್ಟುಕೊಂಡಿತು. ಈ ತರ್ಕ ನನಗೆ ಇಂದಿಗೂ ಬಗೆಹರಿದಿಲ್ಲ. ಬಸ್ಸು ನಿಲ್ಲಿಸಿದರೆ ಅಗತ್ಯ ಸೇವೆ. ಪಗಾರ ಕೇಳಿದರೆ ನಷ್ಟದಲ್ಲಿರುವ ನಿಗಮ. ಸರ್ಕಾರಿ ಪಗಾರ ಕೇಳಿದರೆ ಸ್ವಾಯತ್ತ ಸಂಸ್ಥೆ. ಬಸ್ಸಿನ ಮೇಲೆ ಯೋಜನೆಯ ಜಾಹೀರಾತು ಅಂಟಿಸುವಾಗ ಮಾತ್ರ ನಮ್ಮ ಹೆಮ್ಮೆಯ ಸರ್ಕಾರಿ ಬಸ್ಸು.

ಆ ಯುಗಾದಿಯ ಹೊತ್ತಿಗೆ ನೌಕರರ ಹೆಂಡಿರು ಮಕ್ಕಳು ತಾಟು ಹಿಡಿದು ಬೀದಿಗೆ ಬಂದರು. ಖಾಲಿ ತಾಟು. ಬಾರಿಸಿದರು. ಒಂದು ವರ್ಷದ ಹಿಂದೆ ತಾಟು ಬಾರಿಸಿದವರು ದೇಶಭಕ್ತರು. ಈಗ ಬಾರಿಸಿದವರು ಪ್ರಚೋದನೆಗೆ ಒಳಗಾದವರು. ತಾಟು ಅದೇ. ಸಪ್ಪಳವೂ ಅದೇ. ಬಹುಶಃ ಊಟ ಬಡಿಸಿದ ತಾಟಿನ ನಾದಕ್ಕೂ ಬಡಿಸದ ತಾಟಿನ ನಾದಕ್ಕೂ ವ್ಯತ್ಯಾಸ ಗುರುತಿಸುವ ತಜ್ಞರು ವಿಧಾನಸೌಧದಲ್ಲಿ ಇರಬೇಕು.

ಇಲ್ಲಿ ನಗು ನಿಲ್ಲಿಸಬೇಕು. ಏಪ್ರಿಲ್ 16ರಂದು ಜಮಖಂಡಿ ತಾಲೂಕಿನಲ್ಲಿ ಓಡುತ್ತಿದ್ದ ಬಸ್ಸೊಂದಕ್ಕೆ ಕಲ್ಲು ಬಿತ್ತು. ಮುಷ್ಕರದ ನಡುವೆಯೂ ಕೆಲಸಕ್ಕೆ ಬಂದಿದ್ದ ಚಾಲಕ ಸತ್ತರು. ಕಲ್ಲೆಸೆದವರಿಗೆ ಕ್ಷಮೆ ಇಲ್ಲ. ಆದರೆ ‘ಬನ್ನಿ, ರಕ್ಷಣೆ ಕೊಡುತ್ತೇವೆ’ ಎಂದು ಕರೆದವರೂ ಇದ್ದರಲ್ಲ? ಪಗಾರ ಕೇಳುವವನಿಗೂ ಪಗಾರಕ್ಕೆ ಹೆದರುವವನಿಗೂ ನಡುವೆ ಗೆರೆ ಎಳೆದು, ಇಬ್ಬರನ್ನೂ ಒಂದೇ ರಸ್ತೆಯಲ್ಲಿ ಎದುರುಬದುರು ಬಿಟ್ಟವರು? ಅವರು ಸಂತಾಪ ಸೂಚಿಸಿದರು. ಸಂತಾಪ ಯಾವತ್ತೂ ನಗದು.

ಮುಷ್ಕರ ಮುಗಿದದ್ದು ಏಪ್ರಿಲ್ 21ಕ್ಕೆ. ಕಾಕತಾಳೀಯ ನೋಡಿ. ಏಪ್ರಿಲ್ 21 ನಾಡಿನಲ್ಲಿ ಸರ್ಕಾರಿ ನೌಕರರ ದಿನಾಚರಣೆ. ಸರ್ವೋತ್ತಮ ಸೇವಾ ಪ್ರಶಸ್ತಿಗಳ ದಿನ. ನಾವೂ ಸರ್ಕಾರಿ ನೌಕರರು ಎಂದು ಬೇಡಿದವರು ಅದೇ ದಿನ ಬರಿಗೈಯಲ್ಲಿ ಡಿಪೋಗೆ ಮರಳಿದರು.

ಸರ್ಕಾರ ಬದಲಾಯಿತು. ಅದರ ಕತೆಯನ್ನೂ ಕೇಳಿ, ಇಲ್ಲದಿದ್ದರೆ ನನ್ನನ್ನು ಒಂದು ಪಕ್ಷದವನೆಂದು ಬರೆದುಕೊಳ್ಳುತ್ತೀರಿ.

ಸಾರಿಗೆಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ಪಗಾರ ಪರಿಷ್ಕರಣೆ ಆಗಬೇಕು. 2020ರ ಜನವರಿ 1ಕ್ಕೆ ಆಗಬೇಕಿದ್ದದ್ದು ಶೇ 15ರ ಲೆಕ್ಕದಲ್ಲಿ 2023ರ ಮಾರ್ಚ್ 1ಕ್ಕೆ ಆಯಿತು. ನಡುವಿನ 38 ತಿಂಗಳ ಬಾಕಿ ಸುಮಾರು ₹1,785 ಕೋಟಿ. ಅದು ಹಿಂದಿನ ಸರ್ಕಾರದ ಬಾಕಿ ಎಂದರು ಹೊಸಬರು. ಹಿಂದಿನವರ ಖುರ್ಚಿ ಬೇಕು, ಕಾರು ಬೇಕು, ಬಂಗಲೆ ಬೇಕು. ಉದ್ರಿ ಪುಸ್ತಕ ಬೇಡ. ನಮ್ಮ ಪೇಟೆಯಲ್ಲಿ ಅಂಗಡಿ ಕೊಂಡವ ಹೀಗೆ ಹೇಳಿದರೆ ಪಂಚರು ಸುಮ್ಮನೆ ಬಿಡುತ್ತಿರಲಿಲ್ಲ. 2024ರ ಜನವರಿ 1ರ ಪರಿಷ್ಕರಣೆಯೂ ಬಂದು ಬಾಗಿಲಲ್ಲಿ ನಿಂತಿತು. ಅದಕ್ಕೂ ಕೂರಲು ಹೇಳಿದರು.

ಪ್ರಯಾಣ ದರ ಮಾತ್ರ ಕಾಯಲಿಲ್ಲ. 2025ರ ಜನವರಿ 5ಕ್ಕೆ ಏರಿಯೇಬಿಟ್ಟಿತು. ಎಷ್ಟು? ಅದೂ ಶೇ 15. ಚಾಲಕನಿಗೆ ಬರುವ ಶೇ 15 ಮೂರು ವರ್ಷ ಎರಡು ತಿಂಗಳು ನಡೆದುಕೊಂಡು ಬಂತು. ನಮ್ಮಿಂದ ಹೋಗುವ ಶೇ 15 ನಾನ್‌ಸ್ಟಾಪ್. ಅದೇ ಜನವರಿಯಲ್ಲಿ ನಾಲ್ಕೂ ನಿಗಮಗಳಿಗೆ ₹2,000 ಕೋಟಿ ಸಾಲಕ್ಕೆ ಒಪ್ಪಿಗೆ ಸಿಕ್ಕಿತು. ಯಾಕೆ? ನೌಕರರ ಭವಿಷ್ಯನಿಧಿ ಬಾಕಿ ತುಂಬಲು, ಡೀಸೆಲ್ ಬಾಕಿ ತೀರಿಸಲು. ಭವಿಷ್ಯನಿಧಿಯೇ ಬಾಕಿ! ಭವಿಷ್ಯವನ್ನೂ ಉದ್ರಿ ಹೇಳಿದ್ದರು.

ಈ ನಡುವೆ ಶಕ್ತಿ ಯೋಜನೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಇದನ್ನು ನಾನು ಹಳಿಯುವವನಲ್ಲ. ತೇರದಾಳ, ಮಹಾಲಿಂಗಪುರದ ಹೆಣ್ಣುಮಕ್ಕಳು ಗಂಡನ ಮುಂದೆ ಕೈಚಾಚದೆ ತವರಿಗೆ, ದವಾಖಾನೆಗೆ, ಕೆಲಸಕ್ಕೆ ಹೋಗುತ್ತಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಐವತ್ತು ಸೀಟಿನ ಬಸ್ಸಿನಲ್ಲಿ ತೊಂಬತ್ತು ಜನರ ನಡುವೆ ತೂರಿ ಶೂನ್ಯ ಟಿಕೆಟ್ ಹರಿದುಕೊಡುವವನು ಮುಖ್ಯಮಂತ್ರಿ ಅಲ್ಲ, ನಿರ್ವಾಹಕ. ಔದಾರ್ಯ ಸರ್ಕಾರದ್ದು, ಬೆವರು ಅವನದು.

2025ರ ಜುಲೈ 14ಕ್ಕೆ 500ನೇ ಕೋಟಿಯ ಟಿಕೆಟ್. ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಬೆಂಗಳೂರಿನಲ್ಲಿ ಬಸ್ ಹತ್ತಿ ಟಿಕೆಟ್ ಕೊಟ್ಟರು. ಒಂದು ಟಿಕೆಟ್. ಫೋಟೋ ಬಂತು. ಉಳಿದ 499 ಕೋಟಿ 99 ಲಕ್ಷ 99 ಸಾವಿರದ 999 ಟಿಕೆಟ್ ಕೊಟ್ಟವರು ಮೂರು ವಾರದ ಮೇಲೆ, ಆಗಸ್ಟ್ 5ರಂದು, ಬಸ್ಸು ನಿಲ್ಲಿಸಿ ಬಾಕಿ ಕೇಳಿದರು. 38 ತಿಂಗಳದ್ದು ಆಗುವುದಿಲ್ಲ, 14 ತಿಂಗಳದ್ದು ನೋಡೋಣ ಎಂಬ ಚೌಕಾಸಿ ಹಿಂದಿನ ದಿನವೇ ಮುರಿದುಬಿದ್ದಿತ್ತು. ಹೈಕೋರ್ಟು ಗದರಿತು. ಸಂಜೆಗೆ ಬಸ್ಸು ಹೊರಟವು. ಜನರಿಗೆ ತೊಂದರೆ ಆಗಬಾರದು, ಸರಿಯಾದ ಮಾತು. ಬಾಕಿ ಬರದವರು ಜನರಲ್ಲವೇ ಎಂದು ಕೇಳುವ ಹಾಗಿಲ್ಲ, ಅದು ನ್ಯಾಯಾಂಗ ನಿಂದನೆಯಾದೀತು.

ಆಮೇಲೆ ಲಂಡನ್ನಿನಿಂದ ಶುಭವಾರ್ತೆ ಬಂತು. ‘ಲಂಡನ್ ಬುಕ್ ಆಫ್ ವರ್ಲ್ಡ್ ರೆಕಾರ್ಡ್ಸ್’ನಲ್ಲಿ ಶಕ್ತಿ ಯೋಜನೆ ಸೇರಿತು, 564 ಕೋಟಿ ಉಚಿತ ಪ್ರಯಾಣಕ್ಕಾಗಿ. ಜೊತೆಗೆ ನಮ್ಮ ವಾಯವ್ಯ ಸಾರಿಗೆಯ ದೊಡ್ಡಣ್ಣ ಕೆಎಸ್‌ಆರ್‌ಟಿಸಿಯೂ ಸೇರಿತು. ಯಾವುದಕ್ಕೆ? 1997ರಿಂದ 464 ಪ್ರಶಸ್ತಿ ಪಡೆದದ್ದಕ್ಕೆ. ಪ್ರಶಸ್ತಿಗಳನ್ನು ಪಡೆದದ್ದಕ್ಕೆ ಒಂದು ಪ್ರಶಸ್ತಿ! ಇದನ್ನೂ ಸೇರಿಸಿದರೆ 465. ದಾಖಲೆ ಮುರಿದಂತಾಯಿತು, ಮತ್ತೊಂದು ಕೊಡಿ. 38 ತಿಂಗಳ ಬಾಕಿಗೆ ಯಾವ ದೇಶದ ಬುಕ್ಕಿನಲ್ಲಿ ಜಾಗವಿದೆಯೋ, ಯಾರಾದರೂ ಅರ್ಜಿ ಹಾಕಬೇಕು.

ಆಶಾ ಕಾರ್ಯಕರ್ತೆಯರದ್ದು ಇದರ ಅಕ್ಕನಂಥ ಕತೆ. 2022ರ ಮೇ 22ರಂದು ವಿಶ್ವ ಆರೋಗ್ಯ ಸಂಸ್ಥೆ ಜಿನೀವಾದಲ್ಲಿ ಅವರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಘೋಷಿಸಿತು. ನಾಯಕಿಯರು! ಬೀಳಗಿಯ ಹಿನ್ನೀರಿನ ಪುನರ್ವಸತಿ ಕೇಂದ್ರಗಳಲ್ಲಿ ಬಿಸಿಲಿಗೆ ಸೆರಗು ಹೊದ್ದು ಗರ್ಭಿಣಿಯರ ಮನೆ ಎಣಿಸುವ ನಾಯಕಿಯರು. ಅವರಿಗೆ ಪಗಾರ ಎನ್ನುವಂತಿಲ್ಲ. ಅದು ‘ಗೌರವಧನ’. ಈ ಶಬ್ದ ಕಟ್ಟಿದವನಿಗೆ ಸಂಧಿ-ಸಮಾಸ ಚೆನ್ನಾಗಿ ಗೊತ್ತಿತ್ತು. ಗೌರವ ಮೊದಲು ಬರುತ್ತದೆ. ಧನ ಪೋರ್ಟಲ್ ತೆರೆದಾಗ ಬರುತ್ತದೆ. ಪೋರ್ಟಲ್ಲಿನಲ್ಲಿ ತಾಳೆಯಾಗದ ದುಡಿಮೆ ದುಡಿಮೆಯೇ ಅಲ್ಲ.

2025ರ ಜನವರಿ 7ರಿಂದ ನಾಲ್ಕು ಹಗಲು, ಚಳಿಯ ರಾತ್ರಿಗಳನ್ನು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕಳೆದರು. ಕೇಳಿದ್ದು ತಿಂಗಳಿಗೆ ₹15,000. ಸಿಕ್ಕ ಭರವಸೆ ₹10,000. ನನ್ನ ಕಣ್ಣಿಗೆ ಕಟ್ಟುವುದು ಅವರು ಹೋದ ಬಸ್ಸು. ನಮ್ಮ ಕಡೆಯ ಆಶಾ ಕಾರ್ಯಕರ್ತೆ ರಾತ್ರಿ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಹಿಡಿದು ಪಗಾರ ಕೇಳಲು ರಾಜಧಾನಿಗೆ ಹೊರಟಿದ್ದಾಳೆ. ಆ ಟಿಕೆಟ್ ಹರಿದುಕೊಟ್ಟವನಿಗೆ 38 ತಿಂಗಳ ಬಾಕಿ. ಸರ್ಕಾರ ಇಬ್ಬರನ್ನೂ ಹೊತ್ತು ಸಾಗಿಸಿತು, ಉಚಿತವಾಗಿ. ಇದಕ್ಕಿಂತ ಸಮರ್ಥ ಆಡಳಿತ ಬೇರೆಲ್ಲಿದೆ?

ಬನಹಟ್ಟಿಯ ನೇಕಾರರನ್ನೂ ಸನ್ಮಾನ ಬಿಟ್ಟಿಲ್ಲ. ಪ್ರತಿ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 2020ರಲ್ಲಿ ಆ ದಿನಕ್ಕೆ ಹನ್ನೊಂದೇ ದಿನ ಮೊದಲು, ಜುಲೈ 27ರಂದು, ಕೇಂದ್ರ ಸರ್ಕಾರ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ರದ್ದು ಮಾಡಿತು. ಮಂಡಳಿ ಹೋಯಿತು, ದಿನ ಉಳಿಯಿತು. ಮಗ್ಗದವನಿಗೆ ಗೊತ್ತಿರುವ ಮಾತು: ಹಾಸು ಇಲ್ಲದೆ ಹೊಕ್ಕು ಓಡಿಸಿದರೆ ಲಾಳಿ ಸಪ್ಪಳ ಮಾಡುತ್ತದೆ, ಬಟ್ಟೆ ಬರುವುದಿಲ್ಲ.

ನಮ್ಮ ಸೀಮೆಯ ಜನ ಸರ್ಕಾರದ ದಾರಿ ಕಾಯುತ್ತ ಕೂರುವವರಲ್ಲ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ರೈತರೇ ದುಡ್ಡು ಹಾಕಿ, ಕೈಯಾರೆ ದುಡಿದು ಬ್ಯಾರೇಜು ಕಟ್ಟಿಕೊಂಡರು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ನೌಕರನಿಗೆ ಆ ದಾರಿಯೂ ಇಲ್ಲ. ಹೊಳೆಗೆ ಒಡ್ಡು ಹಾಕಬಹುದು, ಖಜಾನೆಗೆ ಹಾಕಲು ಬರುವುದಿಲ್ಲ.

ಮೂವರು ಆಧಾರಸ್ತಂಭಗಳಲ್ಲಿ ಒಬ್ಬರು ಮೊನ್ನೆ ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಕಂಕುಳಲ್ಲಿ ಫೈಲು. ಮುಧೋಳಕ್ಕೆ ಹೊರಟಿದ್ದರು, ನಾನೂ. ‘ಏನಾತ್ರೀ ನಿಮ್ಮ ಕೇಸು?’ ಎಂದೆ. ‘ಶಾಲು ಚಲೋ ಅದ ನೋಡ್ರಿ, ಛಳಿಗೆ ಬರ್ತದ’ ಎಂದರು.

ಬಸ್ಸು ತುಂಬಿತ್ತು. ಚಿಲ್ಲರೆ ಇರಲಿಲ್ಲ. ನಿರ್ವಾಹಕ ನನ್ನ ಟಿಕೆಟ್ಟಿನ ಹಿಂದೆ 7 ಎಂದು ಬರೆದು ಸುತ್ತು ಹಾಕಿದ. ಇಳಿಯುವಾಗ ಕೇಳ್ರಿ ಎಂದ. ದಾರಿಯುದ್ದಕ್ಕೂ ಆ ಟಿಕೆಟ್ಟನ್ನು ಬೆರಳ ಸಂದಿಯಲ್ಲಿ ಗಟ್ಟಿ ಹಿಡಿದು ಕೂತೆ. ಏಳು ರೂಪಾಯಿ ಸುಮ್ಮನೆ ಬರುತ್ತದೆಯೇ?

ಮುಧೋಳ ಬಂತು. ಜನರನ್ನು ತಳ್ಳಿಕೊಂಡು ಹೋಗಿ ಟಿಕೆಟ್ ಚಾಚಿದೆ. ಬೈಗುಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಆತ ಚೀಲದ ತಳ ತಡಕಿ ಐದರದೊಂದು, ಎರಡರದೊಂದು ನಾಣ್ಯ ತೆಗೆದು ಅಂಗೈಗೆ ಹಾಕಿದ. ಟಿಕೆಟ್ಟಿನ ಮೇಲಿನ ಸುತ್ತಿಗೆ ಅಡ್ಡಗೆರೆ ಎಳೆದ.

‘ತಗೋರಿ ಸಾಹೇಬ್ರ, ನಿಮ್ಮದು ಚುಕ್ತಾ.’